ಪದಚರ್ಚೆ: ‘ಮಂತೋನ್ ದೆ ಮನಿಲಾ’ಗೆ ಶಾಲು ಅಂದ್ರೆ ನಡಿಯತ್ತಾ?

ಎಲ್ರಿಗೂ ನಮಸ್ಕಾರ. ಸ್ಪೇನ್‌ನ ಫ್ಲಮೆಂಕೊ ಡ್ಯಾನ್ಸ್ ಬಗ್ಗೆ ಒಂದು ಲೇಖನ ಬರೀತಿದೀನಿ, ಒಂದು ಬಟ್ಟೆ ಹೆಸರಿನ ಹತ್ರ ಬಂದು ನಿಂತಿದೆ. ಕುಣಿಯೋ ಹೆಂಗಸ್ರು ಗಾಳೀಲಿ ಬೀಸಿ ಮತ್ತೆ ಭುಜಕ್ಕೆ ಸುತ್ಕೋತಾರಲ್ಲ, ಮೈತುಂಬ ಹೂವಿನ ಕೆಲಸ ಇರೋ ರೇಷ್ಮೆ, ಅದು ‘ಮಂತೋನ್ ದೆ ಮನಿಲಾ’. ಸದ್ಯಕ್ಕೆ ‘ಮನಿಲಾ ಶಾಲು’ ಅಂತ ಹಾಕಿದೀನಿ, ಸಮಾಧಾನ ಇಲ್ಲ.

ಶಾಲು ಅಂದ್ರೆ ನಮಗೆ ಉಣ್ಣೆ, ಚಳಿ, ಇಲ್ಲಾಂದ್ರೆ ಸನ್ಮಾನ. ಇದು ದೊಡ್ಡ ಚೌಕದ ರೇಷ್ಮೆ, ಮೂಲೆಗೆ ಮೂಲೆ ಮಡಚಿ ತ್ರಿಕೋನ ಮಾಡಿ ಹೊದ್ಕೋತಾರೆ. ಶಲ್ಯ ಅಂದ್ರೆ ಗಂಡಸ್ರ ಹೆಗಲಿಗೆ ಹೋಗತ್ತೆ, ದುಪಟ್ಟಾ ಅಂದ್ರೆ ಚೂಡಿದಾರ್ ನೆನಪಾಗತ್ತೆ.

ಇನ್ನು ಮನಿಲಾ, ಫಿಲಿಪೀನ್ಸ್‌ನ ರಾಜಧಾನಿ. ಬಟ್ಟೆ ಅಲ್ಲಿದ್ದೇ ಅಲ್ಲ, ಚೀನಾದ ಕ್ಯಾಂಟನ್ ಕಡೆ, ಅಂದ್ರೆ ಈಗಿನ ಗ್ವಾಂಗ್‌ಝೌನಲ್ಲಿ, ಕಸೂತಿ ಹಾಕ್ತಿದ್ದದ್ದು. ಚೀನಾದ ವ್ಯಾಪಾರಿಗಳು ರೇಷ್ಮೆ ಸರಕನ್ನ ಮನಿಲಾಗೆ ತಂದು ಮೆಕ್ಸಿಕೋ ಬೆಳ್ಳಿಗೆ ಮಾರೋರು, ಅಲ್ಲಿಂದ ಸ್ಪೇನ್‌ನವರ ಹಡಗಲ್ಲಿ ಮೆಕ್ಸಿಕೋದ ಅಕಾಪುಲ್ಕೊ ಬಂದರು, ಆಮೇಲೆ ಹೇಸರಗತ್ತೆ ಮೇಲೆ ಆಚೆ ಕರಾವಳಿಯ ವೆರಾಕ್ರೂಜ್, ಮತ್ತೆ ಹಡಗು ಹತ್ತಿ ಸ್ಪೇನ್. ಈ ಮನಿಲಾ ಹಡಗುಗಳು 1565ರಿಂದ 1815ರ ತನಕ ಓಡಾಡಿದ್ವು. ತಮಾಷೆ ಏನಂದ್ರೆ ಮನಿಲಾದಿಂದ ಬರೋ ಹಡಗಿಗೆ ಮೆಕ್ಸಿಕೋದಲ್ಲಿ ‘ನಾವೊ ದೆ ಚೀನಾ’, ಚೀನಾ ಹಡಗು ಅಂತಿದ್ರು, ಚೀನಾದ ಬಟ್ಟೆಗೆ ಮಾತ್ರ ಮನಿಲಾ ಹೆಸರು! ಹಾಗಂತ ‘ಚೀನಾ ಶಾಲು’ ಅಂತ ತಿದ್ದೋದಕ್ಕೆ ನನ್ನ ಒಪ್ಪಿಗೆ ಇಲ್ಲ, ಯಾಕಂದ್ರೆ ಸ್ಪೇನ್‌ಗೆ ಬಂದ್ಮೇಲೆ ಅದು ಚೀನಾದ್ದಾಗಿ ಉಳೀಲಿಲ್ಲ, ಪಗೋಡ, ಪಿಯೊನಿ ಹೂವು ಇದ್ದ ಜಾಗಕ್ಕೆ ಗುಲಾಬಿ, ಕಾರ್ನೇಶನ್ ಬಂದ್ವು, ಅಂಚಿನ ದಾರ ಉದ್ದ ಆಗ್ತಾ ಹೋಯ್ತು, ಸೆವಿಲ್ಲಾ ಹತ್ರದ ಕಾಂತಿಯಾನಾ ಥರ ಊರಲ್ಲಿ ಹೆಂಗಸ್ರು ಅಲ್ಲೇ ಕೂತು ಕಸೂತಿ ಹಾಕೋಕೆ, ಅಂಚು ಕಟ್ಟೋಕೆ ಶುರು ಮಾಡಿದ್ರು.

ಆ ಅಂಚಿಗೆ ಅವರು ‘ಫ್ಲೇಕೊ’ ಅಂತಾರೆ. ಬಟ್ಟೆ ಅಂಚಿಗೆ ರೇಷ್ಮೆ ದಾರ ಸೇರಿಸಿ ಸಾಲುಸಾಲಾಗಿ ಗಂಟು ಹಾಕಿ ಬಲೆ ಥರ ಮಾಡಿ, ಉಳಿದದ್ದನ್ನ ಇಳಿಬಿಡೋದು. ಇದಕ್ಕೆ ‘ಕುಚ್ಚು’ ಅಂತಾನೇ ಬರ್ದಿದೀನಿ. ಸೆರಗಿನ ಕುಚ್ಚನ್ನೂ ನಮ್ಮಲ್ಲಿ ಹೆಂಗಸ್ರು ಮನೇಲಿ ಕೂತು ಸೀರೆಗಿಷ್ಟು ಅಂತ ಕಟ್ಟಿಕೊಡ್ತಾರಲ್ಲ. ‘ಝಾಲರಿ’ ಅಂದ್ರೆ ಯಾಕೋ ಮಂಟಪದ ಬಟ್ಟೆ ಅನ್ಸತ್ತೆ.

ನಿಜವಾದ ಗೊಂದಲ ‘ಕಸೂತಿ’ ಹತ್ರ. ಒಳ್ಳೆ ಮಂತೋನಲ್ಲಿ ಎರಡು ಕಡೆನೂ ಹೂವು ಒಂದೇ ಥರ ಕಾಣತ್ತೆ, ಗಂಟು ಕಾಣ್ಬಾರ್ದು. ಧಾರವಾಡದ ಕಸೂತೀಲಿ ಗವಂತಿ ಅನ್ನೋ ಹೊಲಿಗೆನೂ ಹಾಗೇ, ಆದ್ರೆ ಅದು ಎಳೆ ಎಣಿಸಿ ಹಾಕೋ ಗೆರೆ ಕೆಲಸ, ಇದು ಹೂವಿನೊಳಗೆಲ್ಲ ರೇಷ್ಮೆ ದಾರ ತುಂಬೋ ಕೆಲಸ. ಎಂಬ್ರಾಯ್ಡರಿಗೆಲ್ಲ ಕಸೂತಿ ಅನ್ನೋದು ಈಗ ರೂಢಿನೇ, ಮೇಲೆ ನಾನೂ ಹಾಗೇ ಬರ್ದೆ, ಧಾರವಾಡ ಕಡೆಯವ್ರ ಕಿವಿಗೆ ಇದು ಸರಿ ಕೇಳತ್ತಾ? ಅಥವಾ ‘ದಾರದ ಹೂಕೆಲಸ’ ಅಂದ್ಬಿಡ್ಲಾ? ಮಂತೋನನ್ನ ಹಾಗೇ ಇಟ್ಟು, ಮೊದಲ ಸಲ ಬಂದಾಗ ‘ಕುಚ್ಚಿನ ರೇಷ್ಮೆ ಹೊದಿಕೆ’ ಅಂತ ಒಂದು ವಿವರಣೆ ಕೊಡೋಣ ಅಂತಿದೀನಿ, ಬೇಡ ಅನ್ನೋರು ಬೇರೆ ಪದ ಕೊಟ್ಟು ಬೇಡ ಅನ್ನಿ.