ದೊಡ್ಡ ಪಿಡಿಎಫ್‌ಗೆ ಪ್ರಿವ್ಯೂ ಚಿತ್ರ ತೆಗೆಯುವಾಗ ಸರ್ವರ್ ನಿಂತುಹೋಗುತ್ತಿದೆ

ಪ್ರಶ್ನೆ:
ನಮಸ್ಕಾರ. ನಮ್ಮೂರ ಗ್ರಂಥಾಲಯದ ಹಳೇ ಪುಸ್ತಕ, ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕುತ್ತಿದ್ದೇವೆ. ಸೈಟ್ ಬರೆದದ್ದು ಜ್ಯಾಂಗೋ ಎಂಬ ಪೈಥಾನ್ ಫ್ರೇಮ್‌ವರ್ಕ್‌ನಲ್ಲಿ. ಎಲ್ಲಾ 300 ಡಿಪಿಐ (ಇಂಚಿಗೆ 300 ಚುಕ್ಕಿ) ಬಣ್ಣದ ಸ್ಕ್ಯಾನ್, ಕೆಲವು 400 ಪುಟ ಇವೆ. ಅಪ್‌ಲೋಡ್ ಆದ ಕೂಡಲೇ ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ಪರಿವರ್ತಿಸುವ ಪ್ರೋಗ್ರಾಂ ಪ್ರಿವ್ಯೂ ತೆಗೆಯುತ್ತದೆ. ಸಣ್ಣ ಫೈಲಿಗೆ ತೊಂದರೆ ಇಲ್ಲ. ದೊಡ್ಡದು ಬಂದರೆ ಮೆಮೊರಿ ತುಂಬಿ ಪ್ರೊಸೆಸ್ ಸಾಯುತ್ತದೆ, ಇಲ್ಲಾಂದ್ರೆ ಮುಂದಿರುವ ವೆಬ್ ಸರ್ವರ್ ಎಂಜಿನ್‌ಎಕ್ಸ್ 504 (ಕಾದರೂ ಉತ್ತರ ಬರಲಿಲ್ಲ ಎಂಬ ದೋಷ) ತೋರಿಸುತ್ತದೆ. ಇರುವುದು 4 ಜಿಬಿ ರ‍್ಯಾಮ್, ಜಾಸ್ತಿ ಹಾಕಿಸಲು ದುಡ್ಡಿಲ್ಲ. ನಮ್ಮ ಓದುಗರಲ್ಲಿ ವಯಸ್ಸಾದವರೇ ಹೆಚ್ಚು. ಅವರು ಪುಸ್ತಕ ಗುರುತಿಸುವುದು ಮುಖಪುಟ ನೋಡಿ. ಚಿತ್ರ ಬೇಕೇ ಬೇಕು.

ಉತ್ತರ 1:
ರ‍್ಯಾಮ್ ಹಾಕಿಸಬೇಡಿ. ಲೆಕ್ಕ ನೋಡಿ: ಎ4 ಪುಟ 300 ಡಿಪಿಐನಲ್ಲಿ 2480 × 3508 ಪಿಕ್ಸೆಲ್. ಪಿಕ್ಸೆಲ್‌ಗೆ ಬರೀ 3 ಬೈಟ್ ಹಿಡಿದರೂ ಒಂದು ಪುಟಕ್ಕೆ 26 ಎಂಬಿ. ಪುಟದ ನಂಬರ್ ಹೇಳದಿದ್ದರೆ ಇಮೇಜ್‌ಮ್ಯಾಜಿಕ್ ಎಲ್ಲಾ ಪುಟಗಳನ್ನೂ ಬಿಡಿಸುತ್ತದೆ. 400 ಪುಟಕ್ಕೆ 10 ಜಿಬಿ ದಾಟಿತು, ಅಲ್ವಾ? ನಿಮಗೆ ಬೇಕಿರುವುದು ಒಂದೇ ಪುಟ, ಅದೂ 300 ಪಿಕ್ಸೆಲ್ ಅಗಲದ್ದು.

ಪಾಪ್ಲರ್ ಎಂಬ ಪಿಡಿಎಫ್ ಸಲಕರಣೆಗಳ ಜೊತೆ ಬರುವ, ಪುಟವನ್ನು ಚಿತ್ರ ಮಾಡುವ ಪಿಡಿಎಫ್‌ಟುಪಿಪಿಎಂ ಬಳಸಿ. ಮೊದಲ ಪುಟ, ಕೊನೇ ಪುಟ ಎರಡಕ್ಕೂ 1 ಅಂತ ಕೊಡಿ, ಅಳತೆಯನ್ನೂ ಅಲ್ಲೇ ಹೇಳಿ. ಯಾವ ಪುಟ ಎಲ್ಲಿದೆ ಅಂತ ಹುಡುಕುವ ಪಟ್ಟಿ ಸಾಮಾನ್ಯವಾಗಿ ಪಿಡಿಎಫ್‌ನ ಕೊನೆಯಲ್ಲಿರುತ್ತದೆ. ಆದ್ದರಿಂದ ಇಡೀ ಫೈಲ್ ಬಿಡಿಸುವ ಅಗತ್ಯವೇ ಇಲ್ಲ.

ಈ ಕೆಲಸ ಅಪ್‌ಲೋಡ್ ರಿಕ್ವೆಸ್ಟ್ ಒಳಗೆ ನಡೆಯಲೇಬಾರದು. ಸೆಟ್ಟಿಂಗ್ ಬದಲಿಸದಿದ್ದರೆ ಎಂಜಿನ್‌ಎಕ್ಸ್ ತನ್ನ ಹಿಂದಿರುವ ಸರ್ವರ್‌ಗೆ 60 ಸೆಕೆಂಡ್ ಕಾಯುತ್ತದೆ, ಆಮೇಲೆ ಕೈಬಿಡುತ್ತದೆ. ಕೆಲಸವನ್ನು ಹಿನ್ನೆಲೆಯಲ್ಲಿ ಸರದಿಯಂತೆ ಮಾಡಿಸುವ ಸೆಲರಿ ಕ್ಯೂಗೆ ಹಾಕಿ. ಒಮ್ಮೆಗೆ ಒಂದೇ ವರ್ಕರ್ ಸಾಕು, ಟೈಮ್‌ಔಟ್ ಇರಲಿ. ಚಿತ್ರ ಬರುವವರೆಗೆ ಅದೇ ಅಳತೆಯ ಖಾಲಿ ಚೌಕ ತೋರಿಸಿ, ಇಲ್ಲದಿದ್ದರೆ ಪಟ್ಟಿ ಕುಣಿದು ಹಿರಿಯರ ಬೆರಳು ಬೇರೆ ಪುಸ್ತಕದ ಮೇಲೆ ಬೀಳುತ್ತದೆ.

ಇನ್ನೊಂದು ಮಾತು. ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) 2018ರಲ್ಲಿ ಇಮೇಜ್‌ಮ್ಯಾಜಿಕ್‌ಗೆ ಪಿಡಿಎಫ್ ಬಾಗಿಲು ಮುಚ್ಚಿತು. ಕಾರಣ, ಒಳಗೆ ಪಿಡಿಎಫ್ ಬಿಡಿಸುವ ಕೆಲಸ ಮಾಡುವ ಘೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಸಿಕ್ಕ ಭದ್ರತಾ ದೋಷಗಳು. ಪಾಲಿಸಿ ಫೈಲ್ (ಯಾವ ಬಗೆಯ ಫೈಲ್ ತೆರೆಯಬಹುದು ಅಂತ ಹೇಳುವ ಸೆಟ್ಟಿಂಗ್) ತಿದ್ದಿ ಬಾಗಿಲು ತೆಗೆಯಿರಿ ಅನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಯಾರು ಬೇಕಾದರೂ ಅಪ್‌ಲೋಡ್ ಮಾಡುವ ಸೈಟ್ ಆದರೆ ದಯವಿಟ್ಟು ಹಾಗೆ ಮಾಡಬೇಡಿ.

ಉತ್ತರ 2:
ಸ್ಕ್ಯಾನ್ ಜೊತೆ ವರ್ಡ್ ಫೈಲುಗಳೂ ಬರುತ್ತವಾ? ಲಿಬ್ರೆಆಫೀಸ್‌ನಿಂದ ಪಿಡಿಎಫ್ ಮಾಡುವ ಮೊದಲು ಸರ್ವರ್‌ಗೆ ಕನ್ನಡ ಫಾಂಟ್ ಹಾಕಿ. ನೋಟೋ, ಲೋಹಿತ್, ಗುಬ್ಬಿ ಯಾವುದಾದರೂ ಆಗಬಹುದು. ಇಲ್ಲಾಂದ್ರೆ ಪ್ರಿವ್ಯೂ ತುಂಬ ಚೌಕಗಳೇ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದಕ್ಕೆ ಆ ಫಾಂಟೇ ಬೇಕು. ಪಾಪ್ಲರ್‌ನದೇ ಪಿಡಿಎಫ್‌ಫಾಂಟ್ಸ್ ಓಡಿಸಿದರೆ ಫಾಂಟ್ ಫೈಲಿನೊಳಗೆ ಸೇರಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಪಾಪ್ಲರ್ ಹಾಕಿದೆ, ದೊಡ್ಡ ಸಂಚಿಕೆಗಳಿಗೂ ಚಿತ್ರ ಬರುತ್ತಿದೆ, ಮೆಮೊರಿ ಅಲುಗಾಡಲಿಲ್ಲ. ಆದರೆ ನಮ್ಮ ಪುಸ್ತಕಗಳಿಗೆಲ್ಲ ಗ್ರಂಥಾಲಯದವರು ಒಂದೇ ಥರದ ಕಂದು ರಟ್ಟು ಕಟ್ಟಿಸಿದ್ದಾರೆ. ಮೊದಲ ಪುಟ ತೆಗೆದರೆ ಎಲ್ಲಾ ಪುಸ್ತಕವೂ ಒಂದೇ ಥರ ಕಾಣುತ್ತದೆ.

ಉತ್ತರ 1:
ಹಾಗಾದರೆ ಮೊದಲ 8 ಪುಟಗಳ ಪುಟ್ಟ ಚಿತ್ರ ತೆಗೆದು, ಸ್ಕ್ಯಾನ್ ಮಾಡುವವರ ಮುಂದಿಡಿ. ಮುಖಪುಟ ಯಾವುದು ಅಂತ ಅವರೇ ಆರಿಸಲಿ, ಅವರು ಪುಸ್ತಕ ಕೈಯಲ್ಲಿ ಹಿಡಿದವರು. ಆ ಪುಟದ ನಂಬರ್ ಡೇಟಾಬೇಸಿನಲ್ಲಿರಲಿ. ಚಿತ್ರದ ಹೆಸರಿನಲ್ಲಿ ಫೈಲಿನ ಹ್ಯಾಶ್ (ಒಳಗಿನ ವಿಷಯದಿಂದ ಲೆಕ್ಕ ಹಾಕಿದ ಗುರುತು), ಪುಟ ಸಂಖ್ಯೆ, ಅಗಲ ಮೂರೂ ಇರಲಿ. ಆಗ ಪುಟ ಬದಲಿಸಿದರೂ ಬ್ರೌಸರ್ ಹಳೇ ಚಿತ್ರ ತೋರಿಸುವುದಿಲ್ಲ.