ಸಹಾಯ ಬೇಕು: ಕಿವಿಯಲ್ಲಿ ಗುಂಡಿಯಿಲ್ಲದ ಹಳೆಯ ಕರಡಿ ಬೊಂಬೆ

ಎಲ್ಲರಿಗೂ ನಮಸ್ಕಾರ. ಹಳೆಯ ಪೆಟ್ಟಿಗೆಯೊಂದರಲ್ಲಿ ಸಿಕ್ಕಿದ, ಸುಮಾರು 30 ಸೆಂಟಿಮೀಟರ್ ಎತ್ತರದ ಟೆಡ್ಡಿ ಕರಡಿಯೊಂದು ನನ್ನ ಬಳಿಯಿದ್ದು, ಅದು ಜರ್ಮನಿಯ ಬೊಂಬೆ ತಯಾರಕರಾದ ಸ್ಟೈಫ್ ಸಂಸ್ಥೆಯದೋ ಅಲ್ಲವೋ ಎಂಬುದನ್ನು ನಿರ್ಧರಿಸಲಾಗದೆ ಕೈಚೆಲ್ಲಿದ್ದೇನೆ. ತಲೆ ಮತ್ತು ಕೈಕಾಲುಗಳು ಕೀಲುಗಳ ಮೇಲೆ ತಿರುಗುತ್ತವೆ. ಹೊಟ್ಟೆಯನ್ನು ಮೆಲ್ಲನೆ ಒತ್ತಿದರೆ ಒಣಹುಲ್ಲು ಮುರಿದಂತೆ ಕರಕರ ಸದ್ದು ಬರುವುದರಿಂದ ಒಳಗೆ ಮರದ ಎಳೆಗಳನ್ನೇ ತುಂಬಿರಬೇಕು. ಮೂತಿಯ ಸುತ್ತ ಮೊಹೇರ್ (ಅಂಗೋರಾ ಆಡಿನ) ರೋಮ ಸವೆದು ಬಟ್ಟೆಯ ನೇಯ್ಗೆ ಕಾಣುತ್ತಿದೆ (ಯಾವುದೋ ಮಗು ಮನಸಾರೆ ಮುದ್ದಾಡಿರಬೇಕು).

ಸ್ಟೈಫ್ ಬೊಂಬೆಗಳ ಕಿವಿಗೆ ಲೋಹದ ಗುಂಡಿ ಹಾಕುವ ಪದ್ಧತಿ 1904ರಿಂದ ಇದೆ. ನನ್ನ ಕರಡಿಯಲ್ಲಿ ಗುಂಡಿಯಿಲ್ಲ, ಆದರೆ ಎಡಗಿವಿಯಲ್ಲಿ ಒಂದು ಸಣ್ಣ ತೂತಿದೆ. ಭೂತಗನ್ನಡಿಯಲ್ಲಿ ನೋಡಿದರೂ ಸುತ್ತ ತುಕ್ಕಿನ ಕಲೆ ಕಾಣಲಿಲ್ಲ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದಾಗ ಮೈಯ ರೋಮ ಮಂಕಾಗಿಯೇ ಉಳಿಯಿತು, ಅಂಗಾಲಿನ ಹೊಲಿಗೆಯ ದಾರ ಮಾತ್ರ ಬೆಳ್ಳಗೆ ಹೊಳೆಯಿತು (ಈ ಬೆಳಕಿನಲ್ಲಿ ಹೀಗೆ ಹೊಳೆಯುವುದು ಸಾಮಾನ್ಯವಾಗಿ ಇತ್ತೀಚಿನ ದಾರ). ಅಂಗಾಲನ್ನು ಆಮೇಲೆ ಯಾರೋ ರಿಪೇರಿ ಮಾಡಿದ್ದಾರೆಂದು ನನ್ನ ಊಹೆ. ಇಡೀ ಬೊಂಬೆಯೇ ಇತ್ತೀಚಿನ ನಕಲು ಎಂದು ಸ್ನೇಹಿತರೊಬ್ಬರ ವಾದ.

ಹೊಲಿಗೆಯನ್ನು ಬಿಚ್ಚದೆ, ಆ ತೂತು ಗುಂಡಿಯಿಂದ ಆದದ್ದೋ ನುಸಿ ತಿಂದದ್ದೋ ಎಂದು ತಿಳಿಯುವುದು ಹೇಗೆ? ಗುಂಡಿಯಿಲ್ಲದಿದ್ದರೆ ತಯಾರಕರನ್ನು ಗುರುತಿಸಲು ಬೇರೆ ಯಾವ ಲಕ್ಷಣವನ್ನು ನಂಬಬಹುದು?