ಸಹಾಯ ಬೇಕು: ಬುಡಕಟ್ಟು ಹಾಡಿಯ ಮಕ್ಕಳ ಪುಸ್ತಕಕ್ಕೆ ಅಂತ ಅಂಗಡೀಲಿ ಕೂಡಿಸಿದ ದುಡ್ಡು, ಕೊಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಹುಣಸೂರು ಕಡೆ ನಮ್ಮದೊಂದು ಸಣ್ಣ ಬೇಕರಿ. ಪಕ್ಕದ ಹಾಡಿಯ ಜೇನುಕುರುಬರ ಹುಡುಗಿ ಒಬ್ಬಳು, ಮೂರನೇ ಕ್ಲಾಸು, ಬನ್ನು ತಗೊಳ್ಳೋಕೆ ಬಂದಾಗೆಲ್ಲ ಬಿಸ್ಕತ್ತು ಪ್ಯಾಕೆಟ್ ಮೇಲಿನ ಅಕ್ಷರ ಕೂಡಿಸಿ ಓದ್ತಾಳೆ. ಒತ್ತಕ್ಷರ ಬಂದ ಕಡೆ ಬೆರಳು ಅಲ್ಲೇ ನಿಂತುಬಿಡುತ್ತೆ. ಮನೇಲಿ ಆಡೋದು ಅವರದೇ ನುಡಿ, ಪಾಠದ ಕನ್ನಡ ಬೇರೆ. ಮನೇಲಿ ಕತೆ ಪುಸ್ತಕ ಒಂದೂ ಇಲ್ವಂತೆ. ಮನಸ್ಸು ತಡೀಲಿಲ್ಲ. ಯುಗಾದಿಯಿಂದ ಪ್ರತಿ ಕೇಕಿಗೆ 10 ರೂಪಾಯಿ ಎತ್ತಿಟ್ಟೆ, ಗಲ್ಲಾ ಪಕ್ಕ ಒಂದು ಡಬ್ಬಿಯನ್ನೂ ಇಟ್ಟೆ. ಈಗ ಒಟ್ಟು 18,640 ಆಗಿದೆ.

ಶಾಲೆ ಮೇಷ್ಟ್ರನ್ನ ಕೇಳಿದೆ, ನಗದು ಮುಟ್ಟೋ ಹಾಗಿಲ್ಲ ಅಂದರು. ಒಂದು ಟ್ರಸ್ಟಿನವರು ತಗೋತೀವಿ, ಆದರೆ ಇದೇ ಹಾಡಿಗೆ ಅಂತ ಮಾತು ಕೊಡೋಕಾಗಲ್ಲ ಅಂದರು. ದಾನ ಕೊಟ್ಟಿದ್ದಕ್ಕೆ ಸಿಗೋ 80ಜಿ ತೆರಿಗೆ ವಿನಾಯಿತಿ ಆ ಮಾನ್ಯತೆ ಇರೋ ಸಂಸ್ಥೆಗೆ ಕೊಟ್ಟರೆ ಮಾತ್ರ, ನಗದಾದರೆ 2,000 ರೂಪಾಯಿ ದಾಟೋ ಹಾಗಿಲ್ಲ ಅಂತ ಆಡಿಟರ್ ಹೇಳಿದರು. ವಿನಾಯಿತಿ ನನಗೆ ಬೇಡವೇ ಬೇಡ. ತಲೆ ಕೆಟ್ಟಿರೋದು ಡಬ್ಬಿ ದುಡ್ಡಿಗೆ. ಅದು ಗಿರಾಕಿಗಳು ಮಕ್ಕಳಿಗೆ ಅಂತ ಹಾಕಿದ್ದು, ನನ್ನ ವ್ಯಾಪಾರದ್ದಲ್ಲ.

ಈ ಥರ ಮಾಡಿರೋರು ದಯವಿಟ್ಟು ಹೇಳಿ: ಅದನ್ನ ಅಂಗಡಿ ಖಾತೆಗೆ ಹಾಕಿದರೆ ನನ್ನ ವರಮಾನ ಅಂತ ಲೆಕ್ಕ ಆಗುತ್ತಾ? ನಾನೇ ಪುಸ್ತಕ ಕೊಂಡು ಶಾಲೆಗೆ ಕೊಟ್ಟರೆ ಬಿಲ್ ಯಾರ ಹೆಸರಲ್ಲಿರಬೇಕು?